ಹೆಪ್ಪಿನ ಬಟ್ಟಲು

ದೀಪ ಹಚ್ಚಿದ ಮೇಲೆ ಸಾವಿತ್ರೆವ್ವ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದು ಹೆಪ್ಪು ಕೇಳಿದಾಗಲೇ, ಬಂದದ್ದು ಹೆಪ್ಪಿಗಲ್ಲ ಎಂದು ಸಂಘಮಿತ್ರಾಗೆ ತಿಳಿದುಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು ಹೊಸಿಲು ದಾಟಬಾರದು ಎಂದು, ಬೈಲಹೊಂಗಲದ ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಅವಳಿಗೆ ಕಲಿಸಿದವಳೇ ಈ ಮನೆಯೊಡತಿ.

"ದೀಪ ಹಚ್ಚಿದ್ದಾತಲ್ಲರಿ ಕಾಕು?"

"ಇರಲಿ ಬಿಡು, ದೇವರಿಗೆ ನಾ ಹೇಳಕೋತೇನಿ." ಸಾವಿತ್ರೆವ್ವನ ಕಣ್ಣು ಆಗಲೇ ಅವಳ ಹೆಗಲು ದಾಟಿ ಒಳಗೆ ಹೋಗಿತ್ತು. ಒಳಗೆ ಗಂಡಸೊಬ್ಬ ಮಾತಾಡುತ್ತಿದ್ದ. "ಎಷ್ಟ ಮಂದಿ ಅದಾರ ಒಳಗ?"

"ಯಾರೂ ಇಲ್ರಿ. ನಾ ಒಬ್ಬಾಕಿನ."

"ಮತ್ತ ನಾ ಕೆಳಗ ಕುಂತು ಮೂರ ಮಂದಿ ದನಿ ಕೇಳೇನಿ. ಒಬ್ಬಾಂವ ಹೇಳತಾನ, ಇನ್ನೊಬ್ಬಾಂವ ಅದನ್ನ ತಿರುಗಿ ಹೇಳತಾನ, ಮೂರನೇದಾಂವ ಅವರಿಬ್ಬರ ಬೆನ್ನ ಹತ್ತತಾನ. ಸರಿ ಆಕಡೆ."

ಸಂಘಮಿತ್ರಾ ಬಾಗಿಲು ಬಿಟ್ಟು ಸರಿದಳು. ಇಬ್ಬರಿಗೆಂದು ಹಿಡಿದ ಮನೆ ಇದು. ಗಂಡ ಭೀಮಶಿ ತೀರಿಕೊಂಡಾಗ ಓಣಿಯವರೆಲ್ಲ ಒಬ್ಬಂಟಿ ಹೆಣ್ಣಿಗೆ ಮನೆ ಯಾಕೆ ಎಂದರೂ ಸಾವಿತ್ರೆವ್ವ ಬಿಡಿಸಿರಲಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು, ಮನೆಗೆ ಮಂದಿ ತರಬಾರದು ಎಂದಷ್ಟೇ ಹೇಳಿದ್ದಳು. ಮೊಳೆಯನ್ನಂತೂ ಸಂಘಮಿತ್ರಾ ಹೊಡೆದಿರಲಿಲ್ಲ.

ಸಾವಿತ್ರೆವ್ವ ಪಡಸಾಲೆಯ ಬಾಗಿಲ ಹಿಂದೆ ನೋಡಿದಳು. ದನಿ ಅಡುಗೆಮನೆಗೆ ಓಡಿದಂತಾಯಿತು. ಅಡುಗೆಮನೆಗೆ ನುಗ್ಗಿದರೆ ಮಲಗುವ ಖೋಲಿಯಿಂದ ಕೇಳಿತು. ಬಟ್ಟಲನ್ನೇ ಆಯುಧದಂತೆ ಎತ್ತಿ ಹಿಡಿದು ಗಲ್ಲಾಪೆಟ್ಟಿಗೆ ಕಾಯುವವಳ ಹಾಗೆ ನಡುಮನೆಯಲ್ಲಿ ನಿಂತು, "ಹೊರಗ ಬರ್ರಿ. ಮರ್ಯಾದಿಲೆ ಬರ್ರಿ," ಎಂದಳು.

ಆಗ ಒಲೆಯ ಪಕ್ಕದ ರೊಟ್ಟಿ ಬುಟ್ಟಿ ಮರ್ಯಾದೆಯಿಂದಲೇ ಉತ್ತರ ಕೊಟ್ಟಿತು: "ಮೆಣಸಿನ ಗಿಡದ ಎಲೆಗಳು ಮುದುಡುತ್ತಿದ್ದರೆ ರೈತ ಬಾಂಧವರು ಗಾಬರಿಯಾಗಬಾರದು."

ಸಾವಿತ್ರೆವ್ವ ಬುಟ್ಟಿಯ ಅರಿವೆ ಸರಿಸಿದಳು. ಗಾಜು ಒಡೆದ ಫೋನೊಂದು ಒಳಗೆ ಮಲಗಿತ್ತು. ಅದು ಭೀಮಶಿಯದು. ಖೋಲಿಯ ಸ್ಟೀಲ್ ಡಬರಿಯಲ್ಲಿ ಸಂಘಮಿತ್ರಾಳ ಹಳೆಯ ಫೋನು, ಪಡಸಾಲೆಯ ಕಿಟಕಿಯಲ್ಲಿ ಸವದತ್ತಿ ಬಜಾರಿನ ಅಗ್ಗದ ಸ್ಪೀಕರು. ಬುಟ್ಟಿ, ಡಬರಿ ಎರಡೂ ದನಿ ದೊಡ್ಡದಾಗಲೆಂದು. ಒಂದು ಪುಕ್ಕಟೆ ಆ್ಯಪು ಎಲ್ಲವನ್ನೂ ವೈಫೈನಲ್ಲಿ ಗಂಟು ಹಾಕಿತ್ತು, ಆದರೆ ಗಂಟು ಸಡಿಲ. ಒಂದೇ ರೇಡಿಯೋ ಮಾತು ಮೂರು ಕಡೆ ಅರ್ಧ ಉಸಿರು ಹಿಂದುಮುಂದಾಗಿ ಬರುತ್ತಿತ್ತು.

"ಇವೇನ ಆ ಮೂರ ಮಂದಿ?"

"ಹೌದ್ರಿ. ಯಾವ ಖೋಲಿಗೆ ಹೋದ್ರೂ ಕೇಳಲಿ ಅಂತ ಹಚ್ಚೇನಿ."

"ಹಾಡ ಹಚ್ಚಬಾರದೇನ? ಮೆಣಸಿನಕಾಯಿ ರೋಗ ಕಟಗೊಂಡ ನೀ ಏನ ಮಾಡ್ತಿ?"

"ಹಾಡಿನ್ಯಾಗ ಯಾರೂ ಮಾತಾಡೂದಿಲ್ರಿ ಕಾಕು."

ಸಾವಿತ್ರೆವ್ವ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂತಳು. ಮೆಣಸಿನ ಗಿಡದ ಔಷಧ ಮುಗಿಯುವವರೆಗೂ ಏಳಲಿಲ್ಲ.

"ಮನಿ ಬಿಡು ಅಂತೀರೇನ್ರಿ?" ಸಂಘಮಿತ್ರಾ ಮೆಲ್ಲಗೆ ಕೇಳಿದಳು.

"ನಾ ಮಂದಿ ಅಂದದ್ದು ಉಣ್ಣೂ ಮಂದಿಗೆ. ಇವು ಉಣ್ಣೂದಿಲ್ಲ, ಚಾ ಬೇಡೂದಿಲ್ಲ. ನಮ್ಮ ಮನ್ಯಾಗ ಒಬ್ಬಾಂವ ಅದಾನಲ್ಲ, ಜೀವಂತ. ಮುಂಜಾನಿಂದ ಸಂಜೀತನಕ ಅವನ ಬಾಯಾಗ ಬರೂದು ಚಾ ಅನ್ನೂದೊಂದ ಮಾತು."

ಅವಳ ಗಂಡ ರಾಯಪ್ಪ ಮಾರುಕಟ್ಟೆಯಲ್ಲಿ ಹತ್ತಿಯ ಲಿಲಾವು, ಅಂದರೆ ಹರಾಜು, ಕೂಗುತ್ತಿದ್ದವನು. ಅವನು ಸವಾಲು ಕೂಗಿದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತಂತೆ. ಕೆಲಸ ಬಿಟ್ಟ ಮೇಲೆ ಅವನ ದನಿ ಹೇಗಿದೆ ಎಂದು ಮೇಲಿನ ಮನೆಯ ಸಂಘಮಿತ್ರಾಗೇ ಗೊತ್ತಿರಲಿಲ್ಲ.

"ಇದ್ದಷ್ಟ ಮಾತ ಬಜಾರಿನ್ಯಾಗ ಮಾರಿ ಬಂದಾನ ನೋಡು, ಮನಿಗೆ ಒಂದೂ ಉಳಿಸಿಲ್ಲ," ಎನ್ನುತ್ತ ಸಾವಿತ್ರೆವ್ವ ಎದ್ದಳು. "ಒಬ್ಬ ಗಂಡಸನ್ನ ನಮ್ಮ ಅಡಗಿಮನಿಗೆ ಕೊಡು. ಬುಟ್ಟಿ ನೀನ ಇಟ್ಕೊ."

ಸಂಘಮಿತ್ರಾ ಭೀಮಶಿಯ ಫೋನನ್ನು ಸೆರಗಿನಿಂದ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಆಮೇಲೆ ಹೆಪ್ಪಿನ ಬಟ್ಟಲಲ್ಲಿ ಇಟ್ಟಳು.

"ದೀಪ ಹಚ್ಚಿದಮ್ಯಾಲ ಕೊಡಬಹುದೇನ್ರಿ?"

"ಇದು ಹಾಲಿಗಲ್ಲಲ್ಲ," ಎಂದು ಸಾವಿತ್ರೆವ್ವ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಇಳಿದುಹೋದಳು.

ಮರುದಿನ ಸಂಜೆ ರೇಡಿಯೋ ಪೇಟೆ ಧಾರಣೆ ಓದತೊಡಗಿತು. ಹತ್ತಿಯ ಸರದಿ ಬಂದದ್ದೇ ತಡ, ಸಂಘಮಿತ್ರಾಳ ಕಾಲ ಕೆಳಗಿನ ಫರಸಿಕಲ್ಲು ನಡುಗುವಂಥ ದನಿ ಕೆಳಮನೆಯಿಂದ ಎದ್ದಿತು.

"ಸುಳ್ಳು. ಆ ರೇಟಿಗೆ ಯಾಂವ ಕೊಡತಾನ ಹತ್ತಿ?"

ಕೆಳಗೆ ಪಾತ್ರೆಯೊಂದು ಕೈಜಾರಿ ಬಿತ್ತು. ಆಮೇಲೆ ಸಾವಿತ್ರೆವ್ವನ ದನಿ: "ನೀವ ಕೂಗ್ರಿ ಹಂಗಾರ. ನಾ ಸವಾಲ ಹಿಡೀತೇನಿ."

"ನಿನ್ನ ಕಡೆ ರೊಕ್ಕ ಎಲ್ಲಿ ಐತಿ ಹಿಡ್ಯಾಕ?"

"ಕೂಗ್ರಿ ಅಂದ್ನಿ."

ರಾಯಪ್ಪ ಗಂಟಲು ಸರಿಮಾಡಿಕೊಂಡು ಲಿಲಾವು ಶುರು ಮಾಡಿದ.

ಸಂಘಮಿತ್ರಾ ತನ್ನ ಪಡಸಾಲೆಯ ಸ್ಪೀಕರನ್ನೂ ಖೋಲಿಯ ಫೋನನ್ನೂ ಆರಿಸಿದಳು. ಕುರ್ಚಿಯನ್ನು ಸರಿಸಿ, ರೊಟ್ಟಿಯ ತಾಟನ್ನು ನೆಲದ ಮೇಲಿಟ್ಟು, ಕೆಳಗಿನ ಸವಾಲು ಚೆನ್ನಾಗಿ ಕೇಳುವ ಜಾಗ ಹುಡುಕಿಕೊಂಡು ಅಲ್ಲಿಯೇ ಉಣ್ಣಲು ಕೂತಳು.