ಕಪ್ಪು ಕೊಡೆಯ ಕೆಳಗೆ

ತಾರಸಿಗೆ ತಾಗಿಕೊಂಡೇ ಇದ್ದ ಬಾದಾಮಿ ಮರ ಕೆಂಪಾಗಿತ್ತು. ಹಿಂದೆ ಚೂರೂ ಮೋಡವಿಲ್ಲದ ನೀಲಿ ಆಕಾಶ. ಆ ಕೆಂಪೆಲೆಗಳ ನಡುವೆ ಒಂದೇ ಒಂದು ಹಕ್ಕಿ ಬಂದು ಕೂತರೆ ಸಾಕು, ಫೋಟೋ ಸ್ಪರ್ಧೆಯ ಬಹುಮಾನ ತಮ್ಮದೇ ಎಂದು ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಖಾತ್ರಿಯಿತ್ತು. ಮನೆಯಿಂದಲೇ ತೆಗೆದ ಚಿತ್ರವಾಗಬೇಕು ಎಂಬುದು ನಿಯಮ. ಭಾನುವಾರ ಕಡೆಯ ದಿನ.

ಕ್ಯಾಮೆರಾ ಕಂಡರೇ ಸಿಡುಕುತ್ತಿದ್ದ ಹೆಂಡತಿ ಈ ಸಲ ತಾನಾಗಿಯೇ ತಾರಸಿಗೆ ಕುರ್ಚಿ ಹೊತ್ತು ತಂದಳು. ಅದಕ್ಕೆ ಹಳೆಯ ಕಪ್ಪು ಕೊಡೆಯನ್ನೂ ಕಟ್ಟಿದಳು.

"ಬಿಸಿಲು ನೆತ್ತಿಗೆ ಹೊಡೆಯುತ್ತೆ ಕಣ್ರೀ. ಮತ್ತೆ ಸುಮ್ಮನೆ ಕೂತೇ ಇರಬೇಡಿ, ಮಂಡಿ ಹಿಡ್ಕೊಳ್ಳುತ್ತೆ. ಆಗಾಗ ಎದ್ದು ಓಡಾಡಿ, ಕೈ ಬೀಸಿ."

ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಮೂವತ್ತೆಂಟು ವರ್ಷವಾದ ಮೇಲಾದರೂ ಅರ್ಥ ಮಾಡಿಕೊಂಡಳಲ್ಲ! ಅವಳು ಹೇಳಿದಂತೆಯೇ ಕೂತರು, ಎದ್ದರು, ಕೈ ಬೀಸಿದರು. ಹೊತ್ತು ಹೊತ್ತಿಗೆ ಕಾಫಿ, ಮಜ್ಜಿಗೆ ಮೇಲಕ್ಕೇ ಬಂತು. ಅವಳೂ ಅವರ ಬೆನ್ನ ಹಿಂದೆ ಹಳೆಯ ಸೀರೆಯೊಂದನ್ನು ಹಾಸಿಕೊಂಡು ಏನೋ ಕೆಲಸ ಮಾಡಿಕೊಳ್ಳುತ್ತಿದ್ದಳು. ಮೇಷ್ಟ್ರ ಕಣ್ಣು ಮಾತ್ರ ಮರ ಬಿಟ್ಟು ಅಲುಗಲಿಲ್ಲ.

ಮೂರು ದಿನವಾದರೂ ಒಂದು ಕಾಗೆ ಕೂಡ ಆ ಕಡೆ ಸುಳಿಯಲಿಲ್ಲ.

ಶುಕ್ರವಾರ ಸಂಜೆ ಅವರು ಕ್ಯಾಮೆರಾವನ್ನು ಚೀಲಕ್ಕೆ ತುರುಕಿದರು.

"ಸಾಕು ಬಿಡೇ. ಇಲ್ಲಿಗೆ ಹಕ್ಕಿಗಳೇ ಬರಲ್ಲ. ನಾಳೆಯಿಂದ ಹಿತ್ತಲಲ್ಲಿ ಕೂತ್ಕೋತೀನಿ."

"ಅಯ್ಯೋ, ಇನ್ನೆರಡು ದಿನ ಇಲ್ಲೇ ಕೂತ್ಕೊಳ್ರೀ," ಎನ್ನುತ್ತಾ ಹೆಂಡತಿ ಸೀರೆಯತ್ತ ಬಗ್ಗಿ, ಒಂದನ್ನು ಎತ್ತಿ ಮುರಿದು ನೋಡಿದಳು. "ಅರಳು ಸಂಡಿಗೆಗೆ ಇನ್ನೂ ಎರಡು ಬಿಸಿಲು ಬೇಕು."