ನೇಯ್ದವರ ಹೆಸರು

‘ಪ್ರಿಂಟರ್ ಈಗಾಗಲೇ ಬೇರೊಂದು ಫೋನಿಗೆ ಜೋಡಣೆಯಾಗಿದೆ’ ಎಂದಿತು ಸೀರೆಯ ಲೇಬಲ್ ಮುದ್ರಿಸಹೊರಟ ಭುವನಾಳ ಮೊಬೈಲು. ಯಾವ ಫೋನೆಂದು ನೋಡಿದವಳು ಗಟ್ಟಿಯಾಗಿ ಓದಿದಳು: ತಿಮ್ಮಪ್ಪ. ಮಾವ ಒಂದು ಗಳಿಗೆಯೂ ಬಿಟ್ಟಿರುತ್ತಿರಲಿಲ್ಲವೆಂದು ಹೋದ ಆಷಾಢದಲ್ಲಿ ಆ ಫೋನನ್ನು ಅವರ ಜೊತೆಗೇ ಮಣ್ಣು ಮಾಡಿದ್ದರು.

“ಈ ಸೀರೆಗಾದ್ರೂ ನನ್ನೆಸ್ರು ಆಕು ಅಂದ್ನಲ್ಲ, ಅದ್ಕೇ ಕ್ವಾಪ ಬಂದೈತೆ ಅವ್ರಿಗೆ,” ಎಂದರು ಕುಳಿಮಗ್ಗದಲ್ಲಿ ಕೂತಿದ್ದ ಅತ್ತೆ ಸಿದ್ದಲಕ್ಷ್ಮಮ್ಮ. ಮದುವೆಯಾಗಿ ಬಂದಂದಿನಿಂದ ನೇಯ್ದವರು ಅವರೇ. ಸೇಲಂ ಪೇಟೆಯಲ್ಲಿ ಹೆಸರು ಮಾತ್ರ ಗಂಡನದು.

“ಸುಮ್ನಿರಿ ಅತ್ತೆ. ನಿಮ್ಮೆಸ್ರು ಯಾರಿಗ್ ಗೊತ್ತು? ಮಾವನ ಎಸ್ರಿಗೇ ಸೀರೆ ಓಗೋದು,” ಎನ್ನುತ್ತ ಭುವನಾ ‘ನೇಯ್ದವರು: ತಿಮ್ಮಪ್ಪ’ ಎಂದೇ ಟೈಪಿಸಿ ಮತ್ತೆ ಒತ್ತಿದಳು. ಫೋನು ಒಲ್ಲೆನೆಂದಿತು. ಅಂಗೈಯಗಲದ ಪ್ರಿಂಟರು ಮಾತ್ರ ತನ್ನ ಪಾಡಿಗೆ ಗುರುಗುಟ್ಟಿ, ಬೆಚ್ಚಗಿನ ಲೇಬಲೊಂದನ್ನು ಹೊರಗೆ ತಳ್ಳಿತು.

“ಯಾರೆಸ್ರು ಬಂತು?” ಎಂದರು ಅತ್ತೆ, ಲಾಳಿ ನಿಲ್ಲಿಸದೆ.

“ನೇಯ್ದವರು…” ಭುವನಾ ಲೇಬಲನ್ನು ಬೆಳಕಿಗೆ ಹಿಡಿದಳು. “ಸಿದ್ದಲಕ್ಷ್ಮಮ್ಮ.”

ಅತ್ತೆ ಲಾಳಿ ಕೆಳಗಿಟ್ಟರು. ಬಾಗಿಲಿಗೆ ಗಂಡ ಬಂದು ನಿಂತಾಗ ಮಾಡುತ್ತಿದ್ದಂತೆ ಸೆರಗು ಸರಿಮಾಡಿಕೊಂಡು, ಪ್ರಿಂಟರಿನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಈಗ್ ಬಂತಾ ಬುದ್ಧಿ ನಿಮ್ಗೆ?”