ಸ್ಕ್ರೂಡ್ರೈವರಿಗೆ ಕೊಟ್ಟ ಕಿವಿ

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ.

ತೊಂಬತ್ತರ ದಶಕ. ನಾನಾಗ ಐದನೇ ಕ್ಲಾಸು. ಭಾನುವಾರವಾದ್ದರಿಂದ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಮ್ಮ ಲೇತ್ ವರ್ಕ್‌ಶಾಪಿನಲ್ಲಿ ಅಪ್ಪ, ನಾನು ಇಬ್ಬರೇ. ಬೂಕನಕೆರೆಯ ಆಲೆಮನೆಯವನೊಬ್ಬ, ಅಪ್ಪ ಲೇತಿನಲ್ಲಿ ಕಡೆದು ಕೊಟ್ಟಿದ್ದ ಗಾಣದ ಶಾಫ್ಟನ್ನು ವಾಪಸ್ ತಂದು, "ಏನಣ್ಣ ಇದು, ಮೈಯೆಲ್ಲ ಗೆರೆ ಬಿದ್ದದೆ" ಎಂದು ಮುಖ ಗಂಟಿಕ್ಕಿಕೊಂಡು ಹೋಗಿದ್ದ.

"ಲೇತಿನ ಕಾಯಿಲೆ ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳ್ತದೆ" ಎನ್ನುತ್ತಿದ್ದ ಅಪ್ಪ. ಅವತ್ತೂ ಮೋಟರು ಹಾಕಿ, ತಿರುಗುವ ಸ್ಪಿಂಡಲ್ಲಿನ ಪೆಟ್ಟಿಗೆಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡ. ತುಂಬ ಹೊತ್ತು ಹಾಗೇ ನಿಂತಿದ್ದ.

"ಬೇರಿಂಗು ಚೆನ್ನಾಗದೆ ಬುಡು."

ಆಟಕ್ಕೆಂದು ನಾನೂ ಕಿವಿಯಿಟ್ಟೆ. ಒಳಗೆ ಯಾರೋ ಮರಳು ಅಗಿಯುತ್ತಿದ್ದಂತಿತ್ತು.

"ಅಪ್ಪ, ಕರಕರ ಅಂತದೆ."

ಅವನು ನನ್ನ ತುಟಿಯನ್ನೇ ನೋಡಿದ. ಇನ್ನೊಮ್ಮೆ ಕಿವಿಯಿಟ್ಟ. ಆಮೇಲೆ ಇನ್ನೊಂದು ಕಿವಿ. ಮೋಟರು ಆರಿಸಿದ.

ಬಿಚ್ಚಿ ನೋಡಿದರೆ ಬೇರಿಂಗಿನ ಗ್ರೀಸು ಕಬ್ಬಿಣದ ಪುಡಿ ಸೇರಿ ಕಪ್ಪಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ, ನಟ್ಟು ಬಿಗಿದು ಮತ್ತೆ ಓಡಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಈ ಸಲ ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟ.

"ಈಗೇನು ಕೇಳ್ತದವ್ವ?"

"ಏನೂ ಕೇಳಲ್ಲ ಅಪ್ಪ."

ಅವನು ಹಳೇ ಬಟ್ಟೆಯ ಚೂರಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ನಂಗೂ ಅಂಗೇ ಕಣವ್ವ."